ನಾಲ್ಕನೇ ಜ್ವರದ ಆಟ

ಹುಳು ಜ್ವರಕ್ಕೆ ಕೂತ ದಿನ ಮಾತ್ರ ಆ ಮನೆಯಲ್ಲಿ ಇಸ್ಪೀಟು ಆಡುತ್ತಿದ್ದರು.

ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಅದಕ್ಕೆ ಮೇಲೂರಿನ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವವರೆಗೆ ಹುಳುವಿಗೆ ನಾಲ್ಕು ಜ್ವರ. ಮೊದಲೆರಡು ಕಳೆದ ಮರಿಗಳನ್ನು ಈಗ ಮರಿ ಸಾಕಿ ಮಾರುವ ಚಾಕಿ ಕೇಂದ್ರದಿಂದಲೇ ತರುವುದರಿಂದ ಮನೆಯಲ್ಲಿ ಕಾಣುವುದು ಮೂರನೆಯದು, ನಾಲ್ಕನೆಯದು. ಆ ದಿನ ಸೊಪ್ಪು ಕೊಯ್ಯುವುದಿಲ್ಲ, ಕಸ ತೆಗೆಯುವುದಿಲ್ಲ, ಹುಳುಮನೆಯ ಹತ್ತಿರ ಗಟ್ಟಿಯಾಗಿ ಮಾತನಾಡುವುದೂ ಇಲ್ಲ. ಪೂಜೆ ಮುಗಿಸಿ ಅರ್ಚಕರು ಬಾಗಿಲು ಮುಂದಕ್ಕೆಳೆದು ಹೋದ ಮೇಲಿನ ಗುಡಿಯ ಹಾಗೆ ಮನೆಯೆಲ್ಲ ತಣ್ಣಗಾಗುತ್ತದೆ. ಆ ತಣ್ಣನೆಯ ಸಂಜೆಯಲ್ಲಿ ನಡುಮನೆಯಲ್ಲಿ ಚಾಪೆ ಹಾಸಿ ನಾಲ್ವರು ಬ್ರಿಜ್ ಆಡುವುದು ಆವಲಪ್ಪನವರು ಇಟ್ಟ ಪದ್ಧತಿ. ಹುಳು ಸೋಮವಾರವೇ ಮನೆ ಹೊಗಬೇಕು ಎಂಬುದೂ ಅವರದೇ ಪದ್ಧತಿ. ಶಿವನ ವಾರ ಬಂದ ಜೀವ ಶಿವನದು ಎನ್ನುತ್ತಿದ್ದರು.

ರೇಷ್ಮೆ ಇಲಾಖೆಯ ನೌಕರಿಯಲ್ಲಿದ್ದಾಗ ಅವರು ಚಿಕ್ಕಬಳ್ಳಾಪುರದಲ್ಲಿ ಮೇಲಧಿಕಾರಿಯೊಬ್ಬರಿಂದ ಆ ಆಟ ಕಲಿತು ಬಂದರು. ಹೆಂಡತಿ ಅಕ್ಕಯ್ಯಮ್ಮನಿಗೆ ಕಲಿಸಿದರು, ತಮ್ಮ ಮುನಿನಾರಾಯಣಪ್ಪನಿಗೆ ಕಲಿಸಿದರು. ಮಗ ರಮೇಶ್‌ಬಾಬು ಮೀಸೆ ಮೂಡುವ ಮೊದಲೇ ನಾಲ್ಕನೆಯವನಾಗಿ ಕೂತ. ಗಂಡಹೆಂಡತಿ ಎದುರುಬದುರು ಕೂತು ಒಂದು ಪಕ್ಷ, ಚಿಕ್ಕಪ್ಪ ಮತ್ತು ಮಗ ಇನ್ನೊಂದು.

ಆಟ ತಿಳಿಯದವರಿಗೆ ಇಷ್ಟು ಸಾಕು. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಪಟ್ಟು, ಎಳೆದ ಬಣ್ಣದ ದೊಡ್ಡ ಎಲೆಗೆ ಆ ಪಟ್ಟು. ಒಂದು ಪಕ್ಷದವರು ಇಷ್ಟು ಪಟ್ಟು ಗೆಲ್ಲುತ್ತೇವೆ ಎಂದು ಮಾತು ಕೊಡುತ್ತಾರೆ. ಮಾತು ಕೊಟ್ಟವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಎಲ್ಲರಿಗೂ ಕಾಣುವಂತೆ ಚಾಪೆಯ ಮೇಲೆ ಬಿಚ್ಚಿಡುತ್ತಾನೆ. ಎದುರು ಪಕ್ಷ ಆ ಮಾತನ್ನು ಮುರಿಯಬೇಕು. ಅವರಲ್ಲಿ ಒಬ್ಬರು ಆಟೀನೋ ಇಸ್ಪೇಟೋ ಕಳಾವರೋ ಒಂದು ಬಣ್ಣ ಎಳೆಯುತ್ತಾರೆ. ಜೊತೆಗಾರ ಆ ಪಟ್ಟು ಗೆದ್ದರೆ ಮುಂದಿನ ಎಲೆ ಅವನದು. ಅದೇ ಬಣ್ಣವನ್ನು ಹಿಂದಕ್ಕೆ ಕೊಡಬೇಕೋ, ಬೇರೆ ಬಣ್ಣಕ್ಕೆ ತಿರುಗಬೇಕೋ ಎಂಬಲ್ಲಿ ಆಟದ ಕಷ್ಟವೆಲ್ಲ ಇದೆ.

“ನಾನು ಎಳೆದ ಬಣ್ಣಾನೇ ನೀನು ಹಿಂದಕ್ಕೆ ಕೊಡು. ಬೇರೆ ಯೋಚನೆ ಬೇಡ,” ಎಂದು ಆವಲಪ್ಪನವರು ಮೊದಲ ದಿನವೇ ಹೆಂಡತಿಗೆ ಹೇಳಿದ್ದರು. ಅಕ್ಕಯ್ಯಮ್ಮ ಆ ಮಾತನ್ನು ಕೊರಳ ತಾಳಿಯ ಹಾಗೆ ಇಟ್ಟುಕೊಂಡರು.

ಕಾರ್ತಿಕದಲ್ಲಿ ಒಂದು ಸಂಜೆ, ತುಳಸಿಗೆ ದೀಪ ಹಚ್ಚಿ ಬಂದು ಜಗಲಿಯ ಮೇಲೆ ಕೂತ ಆವಲಪ್ಪನವರು ಕೂತಂತೆಯೇ ಹೋದರು. ಸಂಕ್ರಾಂತಿಯವರೆಗೆ ಹುಳುಮನೆಗೆ ಬೀಗ. ಸಂಕ್ರಾಂತಿ ಕಳೆದ ಮೇಲೆ ರಮೇಶ್‌ಬಾಬು ಮೊದಲ ಬೆಳೆಗೆ ಮರಿ ತಂದ. ಮಂಜಿನ ದಿನಗಳು. ಬೆಳಿಗ್ಗೆ ಹಿಪ್ಪುನೇರಳೆ ತೋಟ ಹಾಲಿನಲ್ಲಿ ಅದ್ದಿದ ಹಾಗೆ ಇರುತ್ತಿತ್ತು.

ಅದೇ ವಾರ ಸೊಸೆ ಪದ್ಮಶ್ರೀಗೆ ಬಡ್ತಿಯ ಆದೇಶ ಬಂತು. ಅವಳು ದಿಬ್ಬೂರಹಳ್ಳಿಯ ಶಾಲೆಯಲ್ಲಿ ಟೀಚರು. ಈಗ ಚಿಂತಾಮಣಿಯ ಶಾಲೆಗೆ ಮುಖ್ಯ ಶಿಕ್ಷಕಿ. ಮುಂದಿನ ವಾರ ಕಳೆದು ಬರುವ ಸೋಮವಾರದೊಳಗೆ ಹಾಜರಾಗಬೇಕು. ತಪ್ಪಿದರೆ ಬಡ್ತಿ ಬೇರೆಯವರಿಗೆ ಹೋಗುತ್ತದೆ, ಮತ್ತೆ ಯಾವಾಗಲೋ.

ಗುರುವಾರ ರಾಗಿಮುದ್ದೆ ತಟ್ಟೆಗೆ ಬೀಳುವಾಗ ಅವಳು ಮಾತು ತೆಗೆದಳು.

“ದಿನಾ ಓಡಾಡಕ್ಕಾಗಲ್ಲ ಅತ್ತೆ. ಅಲ್ಲಿ ನಮ್ಮ ಹರಿಣಿ ಅಕ್ಕನ ಮನೆ ಮಹಡಿ ರೂಮು ಖಾಲಿ ಇದೆ. ಸೋಮವಾರ ಹೋಗಿ ಶನಿವಾರ ಬಂದ್ಬಿಡ್ತೀನಿ.”

“ವಾರಕ್ಕೊಂದು ಸಲ ಬರೋ ಸೊಸೇನ?” ಎಂದರು ಅಕ್ಕಯ್ಯಮ್ಮ. “ನೆಂಟರು ಬಂದಂಗಾಯ್ತು.”

“ಚಿಂತಾಮಣಿಗೆ ಹೋಗೋದು ಅತ್ತೆ, ಕಾಶಿಗಲ್ಲ.”

“ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹೆಂಗೆ ಮೇಯುತ್ತೆ ಅಂತ ನಿಂಗೆ ಗೊತ್ತಿಲ್ವಾ? ಸೊಪ್ಪು ಹಾಕೋರು ಯಾರು? ನಿಮ್ಮ ಮಾವನೋರು ಹೋಗಿ ವರ್ಷ ತುಂಬಿಲ್ಲ, ಆಗಲೇ ಒಬ್ಬೊಬ್ಬರು ಒಂದೊಂದು ದಾರಿನಾ?”

ಕಾಲೇಜಿಗೆ ಹೋಗುವ ಮೊಮ್ಮಗಳು ಶಿರೀಷಾ ಬಾಯಿ ಹಾಕಿದಳು. “ಅಜ್ಜಿ, ಅಮ್ಮ ಎಚ್ಚೆಮ್ ಆಗ್ತಿರೋದು! ಕಂಗ್ರಾಟ್ಸ್ ಹೇಳೋದು ಬಿಟ್ಟು...”

“ನೀನು ಸಾರು ಹಾಕ್ಕೊಳಮ್ಮ.”

ರಮೇಶ್‌ಬಾಬು ಮುದ್ದೆ ಮುರಿಯುತ್ತ ತಟ್ಟೆಯನ್ನೇ ನೋಡುತ್ತಿದ್ದ. “ನೀವಾದ್ರೂ ಒಂದು ಮಾತಾಡ್ರೀ,” ಎಂದಳು ಪದ್ಮಶ್ರೀ.

“ಅಮ್ಮ ಹೂ ಅಂದ್ರೆ ನಂದೇನಿದೆ?”

“ಹೂ ಅನ್ನಿಸ್ಕೊಂಡೇ ಹೋಗ್ತೀನಿ. ಸಾವಾದ ಮನೆಯಿಂದ ಮುನಿಸ್ಕೊಂಡು ಹೊರಟಳು ಅಂತ ಅನ್ನಿಸ್ಕೊಳಲ್ಲ. ಅನ್ನದಿದ್ರೆ ಬಡ್ತಿ ಬೇಡ ಅಂತ ಬರ್ದುಕೊಡ್ತೀನಿ.”

ಹೂ ಎನ್ನುವ ಮಾತು ಆ ದಿನ ಬರಲಿಲ್ಲ.

ಮರುದಿನ ಹುಳು ಮೂರನೇ ಜ್ವರಕ್ಕೆ ಕೂತವು. ಸಂಜೆ ಮುನಿನಾರಾಯಣಪ್ಪ ಬಂದು ದೇವರ ಗೂಡಿನ ಕೆಳಗಿನ ತಗಡಿನ ಡಬ್ಬಿ ತೆಗೆದರು. ಪಕ್ಕದ ಮನೆಯಲ್ಲೇ ಇದ್ದ ಅವರಿಗೆ ಹೆಂಡತಿ ತೀರಿದಾಗಿನಿಂದ ಊಟ ಇಲ್ಲೇ.

“ಅತ್ತಿಗೆ, ಹುಳು ತಲೆ ಎತ್ತಿವೆ. ಆಡೋಣ. ಅಣ್ಣನ ಆಟ ನಿಲ್ಲಬಾರದು.”

“ಎದುರಿಗೆ ಯಾರು ಕೂತ್ಕೋತಾರಪ್ಪ?”

“ಪದ್ಮಮ್ಮ ಇಲ್ವಾ? ಇಷ್ಟು ವರ್ಷ ಕಾಫಿ ಕೊಡ್ತಾ ಹಿಂದೆ ನಿಂತು ನೋಡಿಲ್ವಾ? ನಂಗೆ ಹುಷಾರಿಲ್ದಾಗೆಲ್ಲ ನನ್ನ ಜಾಗದಲ್ಲಿ ಕೂತು ಗೆದ್ದಿದಾಳೆ.”

ಅಕ್ಕಯ್ಯಮ್ಮ ಎಲೆಗಳ ಕಟ್ಟನ್ನು ಕಣ್ಣಿಗೊತ್ತಿಕೊಂಡು, ಗೋಡೆಯ ಮೇಲಿನ ಗಂಡನ ಪಟಕ್ಕೊಮ್ಮೆ ಕೈಮುಗಿದು ಕೂತರು. ಕಿಟಕಿಯಿಂದ ಬಂದ ಬಿಸಿಲು ಚಾಪೆಯ ಮೇಲೆ ಹಳದಿಯಾಗಿ ಮಲಗಿತ್ತು. ಆವಲಪ್ಪನವರು ಕೂರುತ್ತಿದ್ದ ಕಡೆ ಚಾಪೆಯ ಅಂಚು ಸವೆದಿತ್ತು. ಪದ್ಮಶ್ರೀ ಆ ಸವೆದ ಅಂಚನ್ನು ಬಿಟ್ಟು ಸ್ವಲ್ಪ ಆಚೆಗೆ ಕೂತಳು.

ನಾಲ್ಕೈದು ಆಟ ಸುಮ್ಮನೆ ನಡೆದವು. ಆಮೇಲೆ ರಮೇಶ್‌ಬಾಬು ಒಂಬತ್ತು ಪಟ್ಟಿಗೆ ಮಾತು ಕೊಟ್ಟ. ಮೊದಲ ಎಲೆ ಅಕ್ಕಯ್ಯಮ್ಮನದು. ಅವರು ಸಣ್ಣದೊಂದು ಆಟೀನು ಎಳೆದರು. ಗಂಡನಿಗೆ ಪ್ರಿಯವಾದ ಕೆಂಪು ಬಣ್ಣ. ಮುನಿನಾರಾಯಣಪ್ಪ ತಮ್ಮ ಎಲೆ ಬಿಚ್ಚಿಟ್ಟು, ಹತ್ತು ಹಾಕಿದರು. ಪದ್ಮಶ್ರೀ ಎಕ್ಕ ಹಾಕಿ ಪಟ್ಟು ತೆಗೆದುಕೊಂಡಳು. ತೆಗೆದುಕೊಂಡು ಬಿಚ್ಚಿಟ್ಟ ಎಲೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಸಣ್ಣ ಕಳಾವರು ಹಾಕಿದಳು.

ಅಕ್ಕಯ್ಯಮ್ಮನ ಮುಖ ಬಿಗಿಯಿತು. ಕಳಾವರಿನ ಗುಲಾಮನಿಂದ ಆ ಪಟ್ಟು ಅವರಿಗೇ ಬಂತು. ಅವರು ಒಂದು ಕ್ಷಣವೂ ನಿಲ್ಲದೆ ಮತ್ತೆ ಆಟೀನನ್ನೇ ಎಳೆದು ಚಾಪೆಗೆ ಬಡಿದರು. ಬಿಚ್ಚಿಟ್ಟ ಕೈಯಿಂದ ಆಟೀನು ಗುಲಾಮ ಎದ್ದು ಪಟ್ಟು ಕೊಂಡುಹೋಯಿತು. ಅಲ್ಲಿಂದ ಮುಂದೆ ಎಲ್ಲ ರಮೇಶ್‌ಬಾಬುವಿನದೇ. ಒಂಬತ್ತೂ ಸರಿಯಾಗಿ ಬಂದವು.

“ಆಟೀನು ಯಾಕೆ ಹಿಂದಕ್ಕೆ ಕೊಡಲಿಲ್ಲ?” ಎಂದರು ಅಕ್ಕಯ್ಯಮ್ಮ.

“ಕೊಟ್ಟಿದ್ರೆ ಪ್ರಯೋಜನ ಇರಲಿಲ್ಲ ಅತ್ತೆ.”

“ಪ್ರಯೋಜನ ನೋಡೋಳು ನೀನು! ನಿಮ್ಮ ಮಾವನೋರು ಒಂದು ದಿನ ನನ್ನ ಬಣ್ಣ ಬಿಟ್ಟು ಆಡಿದೋರಲ್ಲ.”

“ನಾನು ಮಾವ ಅಲ್ಲವಲ್ಲ ಅತ್ತೆ.”

“ಅಲ್ಲ. ಅದು ಕಾಣುತ್ತೆ. ಎದುರಿಗೆ ಕೂತೋರು ಏನು ಕೇಳ್ತಾರೆ ಅನ್ನೋದು ನಿಂಗೆ ಯಾವತ್ತು ಬೇಕಾಗಿತ್ತು? ಆಟದಲ್ಲೂ ಚಿಂತಾಮಣಿ ದಾರೀನೇ ಹಿಡಿದೆ!”

ಪದ್ಮಶ್ರೀ ಎಲೆಗಳನ್ನು ಜೋಡಿಸಿ, ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ ಎದ್ದುಹೋದಳು. ಹುಳುಮನೆಯ ಹತ್ತಿರ ಗಟ್ಟಿಯಾಗಿ ಮಾತನಾಡಬಾರದು ಎಂಬುದು ಆಗ ಎಲ್ಲರಿಗೂ ನೆನಪಾಯಿತು.

ಶನಿವಾರದಿಂದ ಮನೆಯಲ್ಲಿ ಎರಡು ಒಲೆ. ಅಕ್ಕಯ್ಯಮ್ಮ ಹಿತ್ತಲಿನ ಸೌದೆ ಒಲೆ ಸಾರಿಸಿ, ಪುಟ್ಟ ಪಾತ್ರೆಯಲ್ಲಿ ಗಂಜಿ ಇಟ್ಟುಕೊಂಡರು.

“ಏನಮ್ಮ ಇದು?” ಎಂದ ರಮೇಶ್‌ಬಾಬು.

“ನಾಳೆ ಅವಳು ಹೋದ ಮೇಲೆ ಬೇಯಿಸ್ಕೊಳೋದು ತಾನೆ? ಈಗಿಂದ್ಲೇ ಅಭ್ಯಾಸ ಮಾಡ್ಕೋತೀನಿ.”

ಪದ್ಮಶ್ರೀ ಒಳಗೆ ನಾಲ್ಕು ಮುದ್ದೆಯ ಬದಲು ಐದೇ ತಿರುವಿ, ಒಂದನ್ನು ಮುಚ್ಚಿಡುತ್ತಿದ್ದಳು. ಅದು ಸಂಜೆಗೆ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ರಮೇಶ್‌ಬಾಬು ಹಿತ್ತಲಲ್ಲಿ ಒಂದು ಲೋಟ ಗಂಜಿ ಕುಡಿದು, ಒಳಗೆ ಬಂದು ಊಟಕ್ಕೆ ಕೂರುವನು. ಮುನಿನಾರಾಯಣಪ್ಪನೂ ಅದೇ ದಾರಿ ಹಿಡಿದರು.

“ಪೋನೀ, ಹೋಗ್ಲಿ ಬಿಡಮ್ಮ, ಎರಡು ಒಲೆ ಇರೋ ಮನೇಲಿ ನಂಗೇ ಲಾಭ,” ಎಂದು ಪದ್ಮಶ್ರೀಗೆ ಹೇಳಿದರು. “ನೀನು ಹೋಗದೇ ಇದ್ರೂ ಈ ಏರ್ಪಾಡು ಮುಂದುವರಿಸಿ.”

ಅವಳಿಗೆ ನಗು ಬರಲಿಲ್ಲ. “ಭಾನುವಾರದವರೆಗೆ ನೋಡ್ತೀನಿ ಚಿಕ್ಕಮಾವ. ಆಮೇಲೆ ಬೇಡ ಅಂತ ಬರ್ದುಕೊಟ್ಟು ಸುಮ್ಮನಾಗ್ತೀನಿ.”

ಹುಳು ಜ್ವರದಿಂದ ಎದ್ದು ಸೊಪ್ಪು ಮೇಯತೊಡಗಿದವು. ಆ ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ. ಸೋಮವಾರ ಮಧ್ಯಾಹ್ನ ಅಕ್ಕಯ್ಯಮ್ಮ ಸೊಪ್ಪು ಹಾಕಿ, ಹುಳುಮನೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಎದುರಿಗೆ ಆವಲಪ್ಪನವರು ಕೂತಿದ್ದರು. ಹೆಗಲ ಮೇಲೆ ಬಿಳಿ ಟವಲು. ಅವರು ಒಂದು ಎಲೆ ಎಳೆದು ಚಾಪೆಯ ಮೇಲಿಟ್ಟರು. ಯಾವ ಬಣ್ಣವೆಂದು ಕಾಣಲಿಲ್ಲ. ಅಕ್ಕಯ್ಯಮ್ಮ ತಮ್ಮ ಕೈ ನೋಡಿಕೊಂಡರೆ ಕೈತುಂಬ ಹಿಪ್ಪುನೇರಳೆ ಸೊಪ್ಪು, ಇಬ್ಬನಿ ಒಸರುತ್ತಿರುವ ಹಸಿರು ಸೊಪ್ಪು. “ಯಾವುದನ್ನ ಹಿಂದಕ್ಕೆ ಕೊಡ್ಲಿ?” ಎಂದು ಕೇಳಿದರು. ಆವಲಪ್ಪನವರು ಅವರ ಮುಖ ನೋಡಲಿಲ್ಲ, ಚಾಪೆಯನ್ನೇ ನೋಡುತ್ತಿದ್ದರು. ಚಾಪೆಯ ಮೇಲೆ ಬರೀ ಬಿಸಿಲು. ತುಂತುರಿನ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ಅದು ಹುಳುವಿನ ಸದ್ದೇ ಎಂದು ಎಚ್ಚರವಾಯಿತು.

“ಗೋವಿಂದಾ,” ಎಂದು ಎದ್ದು ಮುಖ ತೊಳೆದುಕೊಂಡರು.

ಮಂಗಳವಾರ ಜಗಲಿಯಲ್ಲಿ ನೆನೆದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಅತ್ತಿಗೆ, ಮೈದುನ ಇಬ್ಬರೂ ಕಾಳು ಹಿತಕುತ್ತಿದ್ದರು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಈಚೆ, ಬೇಳೆ ಆಚೆ. ಮುನಿನಾರಾಯಣಪ್ಪ ಒತ್ತಿದ ಬೇಳೆಗಳು ಒಂದೊಂದು ಸಲ ಅಂಗಳಕ್ಕೇ ಹಾರುತ್ತಿದ್ದವು.

“ನೆಟ್ಟಗೆ ಒತ್ತಪ್ಪ. ಕೋಳಿಗೆ ಹಾಕ್ತಿದೀಯಾ?”

“ಅತ್ತಿಗೆ, ಒಂದು ಮಾತು ಹೇಳ್ಲಾ? ಬೈಯಬಾರದು.”

“ಹೇಳು.”

“ಆವತ್ತು ನನ್ನ ಕೈ ಬಿಚ್ಚಿಟ್ಟಿದ್ನಲ್ಲ, ಅದರಲ್ಲಿ ಆಟೀನು ರಾಜ, ಗುಲಾಮ ಇಬ್ಬರೂ ಕೂತಿದ್ರು. ಕಳಾವರು ಮೂರೂ ಸಣ್ಣವು. ಪದ್ಮಮ್ಮ ಅದನ್ನ ನೋಡಿ ಕಳಾವರಿಗೆ ತಿರುಗಿದಳು. ನೀವು ಅದನ್ನೇ ಹಿಂದಕ್ಕೆ ಕೊಟ್ಟಿದ್ರೆ ರಮೇಶನ ಮಾತು ಬಿದ್ದುಹೋಗ್ತಿತ್ತು. ಜೊತೆಗಾರರ ಬಣ್ಣ ಕೊಡದೇ ಇದ್ದೋರು ನೀವು.”

ಅಕ್ಕಯ್ಯಮ್ಮನ ಬೆರಳು ನಿಂತಿತು. “ನಾನಾ?”

“ನೀವೇ.”

“ನಿಮ್ಮಣ್ಣನವರಾಗಿದ್ರೆ ಮೊದಲೇ ಆಟೀನು ಕೊಡ್ತಿದ್ರು. ನಮ್ಮಿಬ್ಬರದು ಹಂಗೇ ಇತ್ತು.”

ಮುನಿನಾರಾಯಣಪ್ಪ ಸ್ವಲ್ಪ ಹೊತ್ತು ಬೋಗುಣಿಯಲ್ಲಿ ಕೈಯಾಡಿಸಿದರು.

“ಅಣ್ಣ ಎಲ್ಲಿ ಕೊಡ್ತಿದ್ದ ಅತ್ತಿಗೆ? ನಿಮ್ಮ ಬಲಗಡೆ, ಎಡಗಡೆ ಕೂತು ನೋಡಿದೋರು ನಾವು. ಅವನು ಬಿಚ್ಚಿಟ್ಟ ಕೈ ನೋಡೋನು. ಅದು ಹೇಳಿದ ಬಣ್ಣ ಹಾಕೋನು. ಒಂದೊಂದು ಸಲ ನಿಮ್ಮದೇ, ಬಹಳ ಸಲ ಬೇರೆ. ಹಿಂದಕ್ಕೆ ಕೊಡ್ತಿದ್ದೋರು ನೀವು. ಆಟ ಗೆಲ್ತಿತ್ತು, ನೀವು ಯಾವುದು ಯಾರ ಬಣ್ಣ ಅಂತ ನೋಡ್ತಿರಲಿಲ್ಲ.”

“ಮತ್ತೆ ನಂಗ್ಯಾಕೆ ಹಂಗೆ ಹೇಳಿಕೊಟ್ರು?”

“ಆಗ ನಿಮಗೆ ಆಟ ಹೊಸದು. ಹೊಸಬರಿಗೆ ಅಷ್ಟೇ ಹೇಳೋದು. ಆಮೇಲೆ ನೀವು ಕೇಳಲಿಲ್ಲ. ಅವನೂ ಹೇಳಲಿಲ್ಲ. ನೀವು ಅಷ್ಟು ನಂಬಿ ಕೊಡ್ತಿದ್ರಲ್ಲ, ಅದನ್ನ ಕೆಡಿಸಕ್ಕೆ ಅವನಿಗೆ ಮನಸ್ಸಾಗಲಿಲ್ಲವೋ ಏನೋ.”

ಅಕ್ಕಯ್ಯಮ್ಮ ಕೊನೆಯ ಕಾಳುಗಳನ್ನೂ ಒತ್ತಿ ಮುಗಿಸಿದರು. ಹಿತಕಿದ ಬೇಳೆಯನ್ನೆಲ್ಲ ಎರಡು ಪಾಲು ಮಾಡಬೇಕಾಗಿತ್ತು, ತಮ್ಮ ಒಲೆಗೆ ಸ್ವಲ್ಪ, ಒಳಗಿನ ಒಲೆಗೆ ಉಳಿದದ್ದು. ಪಾಲು ಮಾಡದೆ ಬೋಗುಣಿಯನ್ನು ಹಾಗೆಯೇ ಎತ್ತಿಕೊಂಡುಹೋಗಿ ಸೊಸೆಯ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಬಂದರು. ಆದರೂ ಆ ಸಂಜೆ ಗಂಜಿಯನ್ನೇ ಕುಡಿದರು.

ಬುಧವಾರ ಹುಳು ನಾಲ್ಕನೇ ಜ್ವರಕ್ಕೆ ಕೂತವು. ಅಕ್ಕಯ್ಯಮ್ಮ ಬೆಳಿಗ್ಗೆ ಹುಳುಮನೆಯ ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು ಒಳಗೆ ನಿಂತರು. ಸಾವಿರಾರು ಬೆಳ್ಳನೆಯ ತಲೆಗಳು ಮೇಲೆ ನೋಡುತ್ತಿದ್ದವು. ಒಂದಾದರೂ ಅಲುಗಲಿಲ್ಲ. ಹಳೆಯ ಪೊರೆಯೊಳಗೆ ಹೊಸ ಮೈ ತಯಾರಾಗುವವರೆಗೆ ಅವಕ್ಕೆ ಯಾವುದೂ ಬೇಡ. ಆಕೆಯೂ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಹೊರಗೆ ಮಂಜು ಕರಗಿ ತೋಟದ ಸಾಲುಗಳು ಒಂದೊಂದಾಗಿ ಕಣ್ಣಿಗೆ ಬಂದವು.

ಸಂಜೆ ಪದ್ಮಶ್ರೀ ಶಾಲೆಯಿಂದ ಬರುವ ಹೊತ್ತಿಗೆ ಚಾಪೆ ಹಾಸಿತ್ತು. ಹಾಸಿದವರು ಅಕ್ಕಯ್ಯಮ್ಮ.

“ನಾನು ಬೇಡ ಅತ್ತೆ. ಶಿರೀಷಾನ ಕೂರಿಸ್ಕೊಳಿ.”

“ಅಮ್ಮಾ, ನಂಗೆ ರಮ್ಮಿ ಬಿಟ್ರೆ ಏನೂ ಬರಲ್ಲ,” ಎಂದು ಶಿರೀಷಾ ದೂರ ಸರಿದಳು.

“ಕೈಕಾಲು ತೊಳ್ಕೊಂಡು ಬಾ. ಆ ಅಂಚಿನ ಮೇಲೇ ಕೂತ್ಕೋ. ಸವೆದಿದ್ರೆ ಸವೀಲಿ,” ಎಂದರು ಅಕ್ಕಯ್ಯಮ್ಮ.

ಮೂರನೆಯದೋ ನಾಲ್ಕನೆಯದೋ ಆಟ. ಈ ಸಲ ಮುನಿನಾರಾಯಣಪ್ಪ ಒಂಬತ್ತು ಪಟ್ಟಿಗೆ ಮಾತು ಕೊಟ್ಟರು. ಮೊದಲ ಎಲೆ ಪದ್ಮಶ್ರೀಯದು. ಅವಳು ಅತ್ತೆಯ ಮುಖ ನೋಡದೆ ಇಸ್ಪೇಟಿನ ನಾಲ್ಕು ಎಳೆದಳು. ರಮೇಶ್‌ಬಾಬು ತನ್ನ ಎಲೆಗಳನ್ನು ಬಿಚ್ಚಿಟ್ಟ. ಅಕ್ಕಯ್ಯಮ್ಮ ಇಸ್ಪೇಟು ಎಕ್ಕ ಹಾಕಿ ಪಟ್ಟು ತೆಗೆದುಕೊಂಡರು.

ಈಗ ಅವರು ಎಲೆ ಹಾಕಬೇಕು. ಅವರ ಕೈಯಲ್ಲಿ ಐದು ಆಟೀನು ಇದ್ದವು, ರಾಣಿಯಿಂದ ಕೆಳಕ್ಕೆ ಸಾಲಾಗಿ. ಹೆಬ್ಬೆರಳು ತಾನಾಗಿಯೇ ಗಂಡನ ಪ್ರಿಯ ಬಣ್ಣದ ಆ ರಾಣಿಯ ಮೇಲೆ ಹೋಯಿತು. ಗೋಡೆಯ ಮೇಲೆ ಪಟದ ಹೂವಿನ ಎಸಳೊಂದು ಉದುರಿತು. ಆಚೆ ಹುಳುಮನೆಯಲ್ಲಿ ಸದ್ದಿಲ್ಲ.

ಅಕ್ಕಯ್ಯಮ್ಮ ತಲೆ ತಗ್ಗಿಸಿ ಚಾಪೆ ನೋಡಿದರು. ಮಗನ ಬಿಚ್ಚಿಟ್ಟ ಕೈಯಲ್ಲಿ ಆಟೀನಿನ ಎಕ್ಕ, ರಾಜ ಜೊತೆಜೊತೆಯಾಗಿ ಮಲಗಿದ್ದವು. ಇಸ್ಪೇಟು ಹಾಕಿದ್ದು ಹೋಗಿ ಉಳಿದಿದ್ದು ಒಂದೇ, ಅದೂ ಪುಟ್ಟದು. ಇಷ್ಟು ವರ್ಷ ಎಲ್ಲರ ಕಣ್ಣೆದುರಿಗೇ ಬಿಚ್ಚಿಟ್ಟಿದ್ದ ಕೈ. ಅದನ್ನು ಅವರು ಹೀಗೆ ನಿಧಾನಿಸಿ ನೋಡಿದ್ದು ಇದೇ ಮೊದಲು.

“ಏನತ್ತಿಗೆ, ಬೆಳಗಾಗಲಾ?” ಎಂದರು ಮುನಿನಾರಾಯಣಪ್ಪ.

“ಇರಪ್ಪ. ನೋಡ್ತಾ ಇದೀನಿ.”

ನೋಡಿ ಮುಗಿಸಿ, ಆಟೀನಿನ ರಾಣಿಯನ್ನು ಹಿಂದಕ್ಕೆ ಸರಿಸಿ, ಇಸ್ಪೇಟಿನ ಏಳನ್ನು ಸೊಸೆಯ ಕಡೆಗೆ ಹಾಕಿದರು.

ಪದ್ಮಶ್ರೀ ತಲೆ ಎತ್ತಿದಳು. ಇಸ್ಪೇಟು ರಾಣಿಯಿಂದ ಪಟ್ಟು ತೆಗೆದುಕೊಂಡಳು. ಆಮೇಲೆ ರಾಜ. ಆಮೇಲೆ ಬೇರೆ ಯಾರಲ್ಲೂ ಇಸ್ಪೇಟು ಉಳಿಯಲಿಲ್ಲ, ಅವಳ ಎಂಟು ಗೆದ್ದಿತು, ಎರಡರ ಪುಟ್ಟ ಎಲೆಯೂ ಗೆದ್ದಿತು. ಮುನಿನಾರಾಯಣಪ್ಪನ ಮಾತು ಒಂದು ಪಟ್ಟಿನಿಂದ ಬಿತ್ತು.

“ಎಲ್ಲ ನಾನೇ ಹೇಳಿಕೊಟ್ಟು ನಾನೇ ಸೋತೆ,” ಎಂದು ಅವರು ಎಲೆ ಬಿಸಾಡಿದರು.

ಪದ್ಮಶ್ರೀ ಗೆದ್ದ ಪಟ್ಟುಗಳನ್ನು ಸರಿಮಾಡುತ್ತಿದ್ದಳು. ಅಕ್ಕಯ್ಯಮ್ಮ ಕೇಳಿದರು, “ಹರಿಣಿ ಆ ಮಹಡಿ ರೂಮು ಗುಡಿಸಿದ್ದಾಳಾ, ಹಂಗೇ ಧೂಳು ಬಿದ್ದಿದೆಯಾ?”

ಪದ್ಮಶ್ರೀಗೆ ಕೂಡಲೇ ಅರ್ಥವಾಗಲಿಲ್ಲ. “ಯಾಕೆ ಅತ್ತೆ?”

“ಸೋಮವಾರ ಹೋಗಿ ಎಲ್ಲಿ ಮಲಗ್ತೀಯಾ? ಭಾನುವಾರವೇ ಹೋಗಿ ಸಾರಿಸಿ, ದೇವರ ಪಟ ಇಟ್ಟು ದೀಪ ಹಚ್ಚು.”

ರಮೇಶ್‌ಬಾಬು ಬಿಚ್ಚಿಟ್ಟ ಎಲೆಗಳನ್ನು ಎತ್ತಿಕೊಳ್ಳಲು ಹೋದವನು ಹಾಗೆಯೇ ನಿಂತ.

“ಸೊಪ್ಪು ಹಾಕೋದು?” ಎಂದಳು ಪದ್ಮಶ್ರೀ.

“ಇವನಿದಾನೆ, ನಾನಿದೀನಿ. ನಿಮ್ಮ ಚಿಕ್ಕಮಾವ ದಿನಕ್ಕೆ ಎರಡು ಸಲ ಊಟ ಮಾಡಿದಾರೆ. ಎರಡು ಸಲ ಸೊಪ್ಪು ಹಾಕಲಿ.”

“ಹಾಕ್ತೀನಿ, ಹಾಕ್ತೀನಿ. ತಿಂದದ್ದು ಮೈಗೆ ಹತ್ತಲಿಲ್ಲ ಅಂತ ಈಗ ಗೊತ್ತಾಯ್ತು.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅಕ್ಕಯ್ಯಮ್ಮ ಮೆಲ್ಲಗೆ, “ಆವತ್ತು ಕಳಾವರು ನಾನು ಹಿಂದಕ್ಕೆ ಕೊಡಬೇಕಿತ್ತು ಕಣಮ್ಮ,” ಎಂದರು. ಪದ್ಮಶ್ರೀ ಎದ್ದುಹೋಗಿ ಹಿತಕಬೇಳೆ ಸಾರು ಬಿಸಿಗಿಟ್ಟಳು. ಆ ದಿನ ಮುಚ್ಚಿಟ್ಟ ಮುದ್ದೆ ಎಮ್ಮೆಗೆ ಹೋಗಲಿಲ್ಲ.

ಭಾನುವಾರ ಅವಳು ಚಿಂತಾಮಣಿಗೆ ಹೋದಳು. ಅವಳಿಲ್ಲದ ವಾರದಲ್ಲಿ ಹುಳು ಹಗಲೂ ಇರುಳೂ ಮೇದವು. ಮುನಿನಾರಾಯಣಪ್ಪ ಸೊಂಟ ಹಿಡಿದುಕೊಂಡೇ ಸೊಪ್ಪು ಹೊತ್ತರು, ಶಿರೀಷಾ ಕಾಲೇಜಿಗೆ ಹೊರಡುವ ಮುಂಚೆ ಒಂದು ಸುತ್ತು ಹಾಕಿಹೋಗುತ್ತಿದ್ದಳು. ಶನಿವಾರ ಸಂಜೆಯ ಬಸ್ಸಿಗೆ ಪದ್ಮಶ್ರೀ ಬಂದಾಗ ಹಣ್ಣಾದ ಹುಳುಗಳು ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆಗೆ ಏರಿದ್ದವು. ಅವಳು ಸೀರೆ ಬದಲಿಸದೆ ಹುಳುಮನೆಗೆ ಹೋಗಿ ನಿಂತಳು. ಒಂದೊಂದು ಹುಳುವೂ ತನ್ನ ಸುತ್ತ ಮಂಜಿನ ಹಾಗೆ ನೂಲು ಬಿಡುತ್ತಿತ್ತು. ಒಳಗಿನ ಹುಳು ಇನ್ನೂ ನೆರಳಿನಂತೆ ಕಾಣುತ್ತಿತ್ತು. ಬೆಳಗಾದರೆ ಅದೂ ಕಾಣುವುದಿಲ್ಲ.

ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದವು. ಹುಳುಮನೆ ತೊಳೆದು, ಸುಣ್ಣ ಬಳಿದು, ತೋಟದಲ್ಲಿ ಹೊಸ ಚಿಗುರು ಮೂಡುವವರೆಗೆ ಕಾದರು. ಶಿವರಾತ್ರಿ ಹತ್ತಿರ ಬಂತು. ಒಂದು ಬೆಳಿಗ್ಗೆ ಅಕ್ಕಯ್ಯಮ್ಮ ಪೂಜೆ ಮುಗಿಸಿ, ಮಗನ ಕೈಲಿ ಚಾಕಿ ಕೇಂದ್ರದ ವೆಂಕಟರವಣಪ್ಪನಿಗೆ ಫೋನು ಹಚ್ಚಿಸಿದರು.

“ಮರಿ ತಯಾರಿದಾವೇನಪ್ಪ?”

“ಇದಾವಮ್ಮ. ಮಾಮೂಲಿ ಥರ ಸೋಮವಾರಕ್ಕೆ ಕೊಟ್ಬಿಡ್ತೀನಿ.”

“ಸೋಮವಾರ ಬೇಡ. ಶುಕ್ರವಾರ ಕೊಡು.”

“ಅಮ್ಮಾ,” ಎಂದ ರಮೇಶ್‌ಬಾಬು ಪಕ್ಕದಿಂದ, “ಅಪ್ಪನ ಕಾಲದಿಂದ...” ಅಕ್ಕಯ್ಯಮ್ಮ ಕೈ ಎತ್ತಿ ಅವನನ್ನು ತಡೆದರು.

ಫೋನಿನಲ್ಲಿ ವೆಂಕಟರವಣಪ್ಪನೂ ಅದನ್ನೇ ಕೇಳಿದ. “ಯಜಮಾನ್ರು ಇದ್ದಾಗಿಂದ ನಿಮ್ಮನೆಗೆ ಸೋಮವಾರವೇ ಅಲ್ವಾಮ್ಮ?”

“ಸೋಮವಾರ ಬಂದ್ರೆ ನಾಲ್ಕನೇ ಜ್ವರ ಬುಧವಾರ ಬೀಳುತ್ತೆ. ಶುಕ್ರವಾರ ಬಂದ್ರೆ ಭಾನುವಾರ ಬೀಳುತ್ತೆ.”

“ಭಾನುವಾರ ಜ್ವರ ಬಂದ್ರೆ ಏನಮ್ಮ ವಿಶೇಷ?”

ಅಕ್ಕಯ್ಯಮ್ಮ ಗೋಡೆಯ ಪಟವನ್ನೊಮ್ಮೆ ನೋಡಿ, ಸೆರಗಿನಿಂದ ತಗಡಿನ ಡಬ್ಬಿಯ ಮೇಲಿನ ಧೂಳು ಒರೆಸಿದರು.

“ಸೊಸೆ ಮನೇಲಿರ್ತಾಳಪ್ಪ,” ಎಂದರು.